ಮುಚ್ಚಳದೊಳಗಿನ ನೀಲಿ

"ಕೆಂಪೇ ಹೊಡೆಸಿಬಿಡಿ ಟೀಚರಮ್ಮ. ಸ್ಪೋರ್ಟ್ಸ್ ಕಾರು ಅಂದ್ರೆ ಕೆಂಪು. ದೂರದಿಂದ್ಲೇ ಜನ ದಾರಿ ಬಿಡಬೇಕು!"

ಪೇಂಟರ್ ಮೂರನೇ ದಿನವೂ ಅದೇ ರಾಗ ಎಳೆದಾಗ, ಕಾರಿನ ಬಾಗಿಲಿಗೆ ಎಮರಿ ಪೇಪರ್ ಉಜ್ಜುತ್ತಿದ್ದ ಅವನ ಮಗಳ ಕೈ ಹಾಗೇ ನಿಂತಿತು. ನಲವತ್ತು ವರ್ಷದಿಂದ ಈ ಶೆಡ್ಡಿಗೆ ಕೆಂಪು ಕೇಳಿಕೊಂಡು ಬಂದವರನ್ನೆಲ್ಲ "ಕೆಂಪನ್ನ ಯಾರು ಬೇಕಾದ್ರೂ ಹೊಡೀತಾರೆ, ಅದಕ್ಕೆ ನಾನ್ಯಾಕೆ?" ಎಂದು ಹಂಗಿಸಿದವನು ಇದೇ ಅಪ್ಪ. ಅವನಿಗೆ ಈಗ ಕೆಂಪಿನ ಮೇಲೆ ಯಾಕೆ ಇಷ್ಟು ಮಮತೆ ಎನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಟೀಚರಮ್ಮ ಮೂವತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ನಿವೃತ್ತಿಯಾದ ವಾರವೇ, ಯಾರದೋ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಈ ಎರಡು ಸೀಟಿನ ಹಳೇ ಕಾರನ್ನು ಎಳೆಸಿಕೊಂಡು ಬಂದರು. "ಈ ವಯಸ್ಸಲ್ಲಿ ಇದೇನೇ ಹುಚ್ಚು?" ಎಂದ ಅಕ್ಕನಿಗೆ, "ಇರೋದು ಎರಡೇ ಸೀಟು ಕಣೇ. ಜಾಸ್ತಿ ಮಾತಾಡಿದ್ರೆ ನಿನಗೆ ಜಾಗ ಇಲ್ಲ" ಎಂದು ಬಾಯಿ ಮುಚ್ಚಿಸಿದರು. ನಾಲ್ಕು ವರ್ಷದಲ್ಲಿ ಎಂಜಿನ್ ಆಯಿತು, ತುಕ್ಕು ತಿಂದ ನೆಲದ ತಗಡು ಆಯಿತು, ಸೀಟು ಆಯಿತು. ಈಗ ಬೂದುಬಣ್ಣದ ಪ್ರೈಮರ್ ಹೊದ್ದು, ಸ್ನಾನ ಮಾಡಿ ಬಟ್ಟೆಗೆ ಕಾಯುತ್ತಿರುವವರ ಹಾಗೆ ಕಾರು ನಿಂತಿತ್ತು.

ಹಿಂದಿನ ಮಾಲೀಕರು ಹೊರಗೆಲ್ಲ ತಮಗೆ ತೋಚಿದ ಬಣ್ಣ ಬಳಿದಿದ್ದರು. ಮೊದಲಿನ ಬಣ್ಣ ಉಳಿದದ್ದು ಒಂದೇ ಕಡೆ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ. ಬಿಸಿಲನ್ನೇ ಕಾಣದ ನೀಲಿ. ಟೀಚರಮ್ಮನಿಗೆ ಅದೇ ಬೇಕು. ಕಾರು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿ, ಆ ಬಣ್ಣದ ನಂಬರ್ ಯಾರ ಬಳಿಯೂ ಇರಲಿಲ್ಲ. ಕಣ್ಣಲ್ಲಿ ನೋಡಿಯೇ ಕಲಸಬೇಕು. ಹಾಗೆ ಕಲಸುವವನು ಇವನೊಬ್ಬನೇ ಎಂದು ಎಲ್ಲರೂ ಹೇಳಿದ್ದರು.

"ಕೆಂಪು ಬೇಡ ಅಂತ ಮೂರು ದಿನದಿಂದ ಹೇಳ್ತಿದೀನಿ," ಎಂದರು ಟೀಚರಮ್ಮ. "ಇಂಥ ಕಿವಿ ಇರೋ ಹುಡುಗರನ್ನ ನಾನು ಮುಂದಿನ ಬೆಂಚಲ್ಲಿ ಕೂರಿಸ್ತಿದ್ದೆ."

ಪಕ್ಕದ ಶೆಡ್ಡಿನ ಟಿಂಕರ್, ಎಲ್ಲರೂ 'ಸುತ್ತಿಗೆ' ಎಂದೇ ಕರೆಯುವವನು, ಕಿಸಕ್ಕನೆ ನಕ್ಕ. ಪೇಂಟರ್‌ಗೆ ಅದು ನಾಟಿತು. ಡಬ್ಬಿಗಳನ್ನೆಳೆದು ಕಲಸಿದ, ತಗಡಿನ ತುಂಡಿಗೆ ಹೊಡೆದ, ಒಣಗಿಸಿ ಮುಚ್ಚಳದ ಮಗ್ಗುಲಿಗೆ ಹಿಡಿದ.

"ನೋಡಿ. ಎರಡರ ಮಧ್ಯೆ ಗೆರೆ ಕಾಣುತ್ತಾ?"

ಸುತ್ತಿಗೆ ಬಗ್ಗಿ ನೋಡಿದ. ನಗು ಇಳಿಯಿತು. "ಅಣ್ಣಾ... ಇದು ಸ್ವಲ್ಪ ಗಿಳಿ ಕಡೆ ಹೋಗಿದೆ."

"ನಿನಗೆ ತಗಡು ಬಡಿಯೋದು ಬಿಟ್ರೆ ಏನೋ ಗೊತ್ತು? ನೀ ಹೇಳಮ್ಮ."

ಮಗಳು ಎಮರಿ ಪೇಪರನ್ನು ನಾಲ್ಕು ಮಡಿಕೆ ಮಾಡಿದಳು. "ಹಸಿರಿದೆ ಅಪ್ಪ."

"ಹಸಿರಾ? ಮೊನ್ನೆ ಹಾಲಿನ ವ್ಯಾನಿಗೆ ನೀಲಿ ಕಲಸಿದ್ದು ಇದೇ ಕೈ. ಹೊಸ ಬಾಗಿಲು ಯಾವುದು ಅಂತ ಡ್ರೈವರ್‌ಗೇ ಗೊತ್ತಾಗ್ಲಿಲ್ಲ!"

"ನೀನು ಊಟಕ್ಕೆ ಹೋದಾಗ ಅದನ್ನ ನಾನು ಸರಿಮಾಡಿದ್ದೆ."

ಕಂಪ್ರೆಸರ್ ಗಾಳಿ ತುಂಬಿಕೊಂಡು ತಾನಾಗಿಯೇ ನಿಂತಿತು.

"ಎಷ್ಟು ಗಾಡಿಗೆ?"

"ಏಳು."

"ನನ್ನ ಡಬ್ಬಿಗೆ ಕೈ ಹಾಕಿದ್ಯಾ," ಎಂದವನೇ ಪೇಂಟರ್ ಹಿಂಬಾಗಿಲಿನಿಂದ ಹೊರಗೆ ಹೋಗಿ ಹಳೇ ಟೈರಿನ ಮೇಲೆ ಕೂತುಬಿಟ್ಟ. ಮಗಳು ಒಂದು ಹೆಜ್ಜೆ ಇಟ್ಟಳು. ಟೀಚರಮ್ಮ ಅವಳನ್ನು ಕಣ್ಣಲ್ಲೇ ತಡೆದು, ತಾವು ಹೋಗಿ ಬಕೆಟ್ ಬೋರಲು ಹಾಕಿಕೊಂಡು ಎದುರು ಕೂತರು.

"ಬಲ್ಬಿನ ಸುತ್ತ ಬಳೆ ಬಳೆ ಕಾಣುತ್ತಾ?"

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ, "ಡಾಕ್ಟ್ರು ಪೊರೆ ಅಂದ್ರು. ತೆಗೀಬೇಕಂತೆ. ಕಣ್ಣಿಗೆ ಕತ್ತಿ ಹಾಕಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಈಗ ಕೆಂಪಾದ್ರೂ ಕಾಣುತ್ತೆ ಟೀಚರಮ್ಮ" ಎಂದ.

"ನನಗೂ ಎರಡೂ ಕಣ್ಣಿಗಾಗಿದೆ. ಅದಕ್ಕೆ ಮುಂಚೆ ಬಿಳಿ ಬಟ್ಟೆಯೆಲ್ಲ ನನಗೆ ಹಳದಿ ಹಳದಿ. ಒಗೆಯುವಾಗ ನೀಲಿ ಹಾಕಿದೆ, ಸಾಲದು ಅಂತ ಇನ್ನಷ್ಟು ಹಾಕಿದೆ. ಆಪರೇಷನ್ ಆಗಿ ಬೀರು ತೆಗೆದ್ರೆ ಒಳಗೆಲ್ಲ ಆಕಾಶ! ಒಂದು ವರ್ಷ ಹಾಗೇ ಸ್ಕೂಲಿಗೆ ಹೋಗಿದೀನಿ. ಲೆಕ್ಕದ ಟೀಚರ್ ನೋಡಿ, ಹೇಳೋ ಧೈರ್ಯ ಒಬ್ರಿಗೂ ಬರಲಿಲ್ಲ."

ಪೇಂಟರ್‌ನ ಭುಜ ಒಮ್ಮೆ ಕುಲುಕಿತು. ನಗುವೋ ಏನೋ.

"ಕಾರು ಕಾಯುತ್ತೆ," ಎಂದು ಟೀಚರಮ್ಮ ಎದ್ದರು. "ಕೋಳಿಗಳ ಜೊತೆ ಇಪ್ಪತ್ತು ವರ್ಷ ಕಾದಿದೆ. ನನಗೆ ಬೇರೆ ಬಣ್ಣ ಬೇಡ."

ಒಂದೂವರೆ ತಿಂಗಳ ನಂತರ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡ ಪೇಂಟರ್ ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಬಂದ. ಬಾಗಿಲಲ್ಲೇ ನಿಂತು ಕನ್ನಡಕ ತೆಗೆದು, ಗೋಡೆ ನೋಡಿದ, ಸೂರು ನೋಡಿದ, ಮಗಳನ್ನು ನೋಡಿದ.

"ತಲೇಲಿ ಬಿಳಿಕೂದಲು ಯಾವಾಗ ಬಂತೇ ನಿನಗೆ?"

"ನಿನ್ನ ಡಬ್ಬಿಗೆ ಕೈ ಹಾಕಿದಾಗಿಂದ."

"ಹಾಗೇ ಆಗ್ಬೇಕು," ಎಂದ. ಮುಚ್ಚಳ ಎತ್ತಿಕೊಂಡು ಬಿಸಿಲಿಗೆ ನಡೆದ. ಹೊಸ ಕಣ್ಣು ಮುಚ್ಚಿ ಹಳೆಯದರಲ್ಲಿ ನೋಡಿದ. ಹಳೆಯದನ್ನು ಮುಚ್ಚಿ ಹೊಸದರಲ್ಲಿ ನೋಡಿದ. ಆಮೇಲೆ ಬಹಳ ಹೊತ್ತು ಹೊಸದರಲ್ಲೇ ನೋಡುತ್ತ ನಿಂತ. ಟೀಚರಮ್ಮನೂ ಸುತ್ತಿಗೆಯೂ ಅವನ ಬಾಯಿಂದ ಮಾತು ಬೀಳುವುದನ್ನೇ ಕಾದರು.

ಮಗಳು ಹಿಂದಿನ ದಿನ ತಾನೇ ಕಲಸಿ ಹೊಡೆದಿಟ್ಟಿದ್ದ ತಗಡನ್ನು ತಂದು ಕೊಟ್ಟಳು. ಕೊಟ್ಟ ಕೈಯನ್ನು ಅಂಗಿಗೆ ಒರೆಸಿಕೊಂಡಳು. ಅವನು ಎರಡನ್ನೂ ಮಗ್ಗುಲಿಗೆ ಹಿಡಿದು ಗೆರೆ ಹುಡುಕಿದ. ಓರೆ ಮಾಡಿದ, ನೆರಳಿಗೆ ಒಯ್ದ, ಮತ್ತೆ ಬಿಸಿಲಿಗೆ ತಂದ. ಒಳಗೆ ಹೋಗಿ ಕಪ್ಪಿನ ಡಬ್ಬಿ ಕೈಗೆತ್ತಿಕೊಂಡು, ಒಂದು ಹನಿ ಹಾಕಲೋ ಬೇಡವೋ ಎಂಬಂತೆ ನಿಂತ. ನಂತರ ಡಬ್ಬಿಯನ್ನು ಹಾಗೇ ಇಟ್ಟ.

"ಬಿಳಿ ಎಷ್ಟು ಹನಿ ಹಾಕಿದೆ?"

"ಎಣಿಸಲಿಲ್ಲ ಅಪ್ಪ. ನೋಡಿ ಹಾಕಿದೆ."

"ಹ್ಞೂಂ," ಎಂದ. ಟೀಚರಮ್ಮನತ್ತ ತಿರುಗಿ, "ಇವತ್ತು ಬಾಗಿಲು, ನಾಳೆ ಮೈ. ನಾಳಿದ್ದು ಬೇಕಾದ್ರೆ ನಿಮ್ಮ ಅಕ್ಕನ್ನ ಕರ್ಕೊಂಡು ಬನ್ನಿ" ಎಂದ.

ಮಗಳು ಮುಖಕ್ಕೆ ಮಾಸ್ಕ್ ಕಟ್ಟಿದಳು. ಗೋಡೆಯ ಮೊಳೆಯಲ್ಲಿದ್ದ ಸ್ಪ್ರೇ ಗನ್ನಿಗೆ ಅಭ್ಯಾಸಬಲದಿಂದ ಅಪ್ಪನ ಕೈಯೇ ಮೊದಲು ಹೋಯಿತು. ಅವನು ಅದನ್ನು ತೆಗೆದು, ಮೂತಿ ಒರೆಸಿ, ಅವಳ ಕೈಗಿಟ್ಟ. ಗಾಳಿಯ ಪೈಪು ಅವಳ ಹಿಂದೆ ನೆಲದ ಮೇಲೆ ಹರಡಿಕೊಂಡಿತ್ತು. ಎಳೆದಾಡಿದರೆ ಹಸಿ ಬಣ್ಣಕ್ಕೆ ತಾಗುತ್ತದೆ. ಪೇಂಟರ್ ಬಗ್ಗಿ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡ. ಅವಳು ಬಾಗಿಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದಳು. ಅವನು ಎರಡು ಹೆಜ್ಜೆ ಹಿಂದೆ, ಪೈಪನ್ನು ಒಂದೊಂದೇ ಮೊಳ ಬಿಡುತ್ತ ನಡೆದ. ಬೂದು ಪ್ರೈಮರಿನ ಮೇಲೆ ಅಂಗೈಯಗಲದ ಮೊದಲ ನೀಲಿ ಪಟ್ಟಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು.