ಹತ್ತನೇ ನಂಬರಿನ ಅಂಗಿ

ಕಾರು ಫ್ರೀಮಾಂಟಿನ ಮೈದಾನ ಮುಟ್ಟುವ ಹೊತ್ತಿಗೆ, ದೀಪಾಲಿ ಗಂಡ ಅಪಿಸಾಯಿಯ ಭುಜಕ್ಕೆ ಸುತ್ತಿದ್ದ ಪಟ್ಟಿ ತುರಿಸತೊಡಗಿತ್ತು. ಇವತ್ತು ಅವನ ಕೊನೆಯ ರಗ್ಬಿ ಪಂದ್ಯ. ವಯಸ್ಸು ನಲವತ್ತಮೂರು; ಮಂಡಿಯದು ಅದಕ್ಕೂ ಹೆಚ್ಚು.

ಹಿಂದಿನ ಸೀಟಿನಿಂದ ಮಾವ ಸಿದ್ಧಾರೂಢ ಕೇಳಿದರು: "ಅಳಿಯಾ, ನಾ ಗದಗಿನಾಗ ಕಬಡ್ಡಿ ಆಡೋವಾಗ ಎಡಮೂಲಿ ಬಿಟ್ಟು ಕದಲಿಲ್ಲ. ನಿಂದು ಯಾವ ಜಾಗಾ?"

ಮದುವೆಯಾದಾಗಿನಿಂದ ಕೇಳಿ ಕೇಳಿ ಅಪಿಸಾಯಿಗೆ ಕನ್ನಡ ತಿಳಿಯುತ್ತಿತ್ತು. ಉತ್ತರ ಮಾತ್ರ, ಇಲ್ಲಿ ಹುಟ್ಟಿದ ಕನ್ನಡಿಗರ ಮಕ್ಕಳ ಹಾಗೆ, ಇಂಗ್ಲಿಷಿನಲ್ಲೇ. "ಆಲ್ ಪ್ಲೇಸಸ್, ಮಾವ," ಎಂದ.

"ಎಲ್ಲಾ ಕಡೆ ಅಂದ್ರ ಎಲ್ಲೂ ಇಲ್ಲ ಅಂದಂಗಾತು!" ಮಾವ ನಕ್ಕರು.

ನಿಜವಾದ್ದರಿಂದಲೇ ಅದು ಚುಚ್ಚಿತು. ರಗ್ಬಿಯಲ್ಲಿ ಬೆನ್ನ ಮೇಲಿನ ನಂಬರೇ ಆಟಗಾರನ ಜಾಗ. ಚೆಂಡು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನು ಹತ್ತನೆಯವನು. ಫಿಜಿಯ ಸಿಂಗಟೋಕಾ ನದಿಯ ದಂಡೆಯಲ್ಲಿ, ಎಲೆ ತುರುಕಿದ ಪ್ಲಾಸ್ಟಿಕ್ ಬಾಟಲಿಯೇ ಚೆಂಡಾಗಿದ್ದ ಕಾಲದಲ್ಲಿ, ಅಪಿಸಾಯಿ ಯಾವಾಗಲೂ ಹತ್ತನೆಯವನು. ಅಜ್ಜಿ ಬರಿಬೆನ್ನಿಗೆ ಇದ್ದಿಲಿನಿಂದ ನಂಬರು ಬರೆಯುತ್ತಿದ್ದಳು. ಬೆವರಿಗೆ ಅದು ಕರಗಿ ಚಡ್ಡಿಗಿಳಿದರೆ ಆಟ ಮುಗಿದಂತೆ.

ದೊಡ್ಡವನಾದ ಮೇಲೆ ಕೆರೆಕೆರೆ ಶುರುವಾಯಿತು. ಅಲ್ಲಿಯ ಹಳ್ಳಿಗಳಲ್ಲಿ ತನ್ನವನೊಬ್ಬ ಬಂದು 'ಕೆರೆಕೆರೆ' ಎಂದು ಕೇಳಿದರೆ, ದೋಣಿಯಾಗಲಿ ಹಂದಿಯಾಗಲಿ, ಇಲ್ಲ ಎನ್ನುವಂತಿಲ್ಲ. ರಾಜಧಾನಿ ಸುವಾದಲ್ಲಿ ಕೋಚ್ ಕೆರೆಕೆರೆ ಎಂದ, ಅಪಿಸಾಯಿ ಹತ್ತು ಬಿಟ್ಟು ಅಂಚಿನಲ್ಲಿ ಓಡಿದ. ಫ್ರಾನ್ಸಿನಲ್ಲಿ ನಾಯಕ, ಅವನೂ ಫಿಜಿಯವನೇ, ಕೇಳಿದ. ಅಪಿಸಾಯಿ ನಡುವೆ ನಿಂತು ಎದೆ ಕೊಟ್ಟ. ಜಪಾನಿನ ಚಳಿಯಲ್ಲಿ ಮುಂದಿನ ಸಾಲಿನ ದಡಿಯರ ನಡುವೆ ತಲೆ ತೂರಿಸಿ ತಳ್ಳಿದ. ಕಿವಿ ಹೂಕೋಸಿನಂತಾದದ್ದು ಅಲ್ಲೇ. ಪತ್ರಿಕೆಗಳು ಅವನನ್ನು ಸಕಲಕಲಾವಲ್ಲಭ ಎಂದು ಹೊಗಳಿದವು. ಅಂದರೆ, ಯಾರು ಗಾಯಗೊಂಡರೂ ಅವರ ಅಂಗಿ ತೊಡುವವನು. ಹತ್ತನೆಯವರು ಮಾತ್ರ ಗಾಯಗೊಳ್ಳಲೇ ಇಲ್ಲ.

ಆದರೂ ಆ ದಿನಗಳು ಅವನಿಗೆ ಬೇಕೆನಿಸುತ್ತಿದ್ದವು. ಸೋತು ಬರುವಾಗಲೂ ಬಸ್ಸಿನಲ್ಲಿ ಫಿಜಿಯ ಹುಡುಗರು ಇಗರ್ಜಿಯ ಹಾಡನ್ನು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಹೊಂದಿಸಿ ಹಾಡುತ್ತಿದ್ದರು. ಡ್ರೈವರು ರೇಡಿಯೋ ಆರಿಸಿ ಕೇಳುತ್ತಿದ್ದ. ಈಗ ಅಪಿಸಾಯಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಅಲ್ಲಿ ಯಾರೂ ಹಾಡುವುದಿಲ್ಲ.

ಮೈದಾನದ ಅಂಚಿನಲ್ಲಿ ನಾಯಕ ತರುಣ್ ಅಂಗಿ ಹಂಚುತ್ತಿದ್ದ. ಫಿಜಿಯ ನಾಂದಿಯಿಂದ ಬಂದ ಭಾರತೀಯ ಮನೆತನದವನು. ಹತ್ತನೇ ನಂಬರು ಅವನದು, ಆಗಲೇ ತೊಟ್ಟಿದ್ದ.

"ಅಂಕಲ್, ಕೆರೆಕೆರೆ. ಮುಂದಿನ ಸಾಲಿಗೆ ಹೋಗ್ತೀರಾ? ನಮ್ಮ ಎರಡನೇ ನಂಬರು ಗಿಲ್‌ರಾಯ್ ಊರಿನ ಹತ್ತಿರ ಫ್ರೀವೇನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ."

ಅಪಿಸಾಯಿ ಕೈ ಚಾಚಿ ಅಂಗಿ ತಗೊಂಡ. ಅಭ್ಯಾಸ.

ಮಡಚುವ ಕುರ್ಚಿ ಬಿಡಿಸುತ್ತಿದ್ದ ದೀಪಾಲಿ ಅಲ್ಲಿಂದಲೇ ಕೂಗಿದಳು: "ಅಪಿ, ಇದೇನು ಒನ್ ವೇ ಟ್ರಾಫಿಕ್ಕಾ? ಲೈಫ್ ಪೂರ್ತಿ ಎಲ್ಲರೂ ನಿನ್ನ ಕೇಳಿದ್ರು. ನೀನು ಒಂದ್ಸಲನಾದ್ರೂ ಯಾರನ್ನಾದ್ರೂ ಕೇಳಿದೀಯಾ?"

ಇಲ್ಲ. ಕೇಳುವುದು ಇಲ್ಲದವರ ಕೆಲಸ ಎಂದು ಅವನು ತಿಳಿದಿದ್ದ.

ಎರಡನೇ ನಂಬರಿನ ಅಂಗಿಯನ್ನು ವಾಪಸು ಚಾಚಿದ. ಇಂಗ್ಲಿಷಿನಲ್ಲೇ ಕೇಳಿದ: "ತರುಣ್, ಕೆರೆಕೆರೆ. ಹತ್ತು ನನಗೆ."

ತರುಣನ ಮುಖ ಇಳಿಯಿತು. "ನಮ್ಮಪ್ಪ ನೋಡೋಕೆ ಬಂದಿದ್ದಾರೆ, ಅಂಕಲ್." ಆದರೂ ಅಂಗಿ ಕಳಚಿ ಕೊಟ್ಟು, ಎರಡನೆಯದನ್ನು ತೊಟ್ಟ. ಇಲ್ಲವೆನ್ನಲು ಅವನಿಗೂ ಬರುತ್ತಿರಲಿಲ್ಲ.

ಅಂಗಿ ಬಿಗಿಯಾಗಿತ್ತು, ಬೆಚ್ಚಗಿತ್ತು. ಅಪಿಸಾಯಿಯ ಮೊದಲ ಒದೆತಕ್ಕೇ ಚೆಂಡು ಗಾಳಿಯಲ್ಲಿ ಹೊರಳಿ, ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದವರ ವಿಕೆಟ್ ಕೆಡವಿತು. ಅವರು ಬೈದರು. ಮುಂದಿನ ಸಾಲಿನಿಂದ ಬಾಯಿ ತುಂಬ ಹುಲ್ಲು ಉಗುಳುತ್ತ ಎದ್ದ ತರುಣ್ ಹತ್ತನೇ ಅಂಗಿಯತ್ತ ಆಸೆಯಿಂದ ನೋಡಿದ.

"ಅಳಿಯಾ, ಅದು ನಿನ್ನ ಜಾಗಾ ಅಲ್ಲೋ!" ಮಾವ ಕುರ್ಚಿಯಿಂದೆದ್ದು ಕೂಗಿದರು. "ಆ ಹುಡುಗ್ಗ ತಿರುಗಿ ಕೊಟ್ಟುಬಿಡು!"

ಅಪಿಸಾಯಿ ಅವರ ಕಡೆ ತಿರುಗಿದ. "ಕೊಡಂಗಿಲ್ಲ, ಮಾವ," ಎಂದು ಕನ್ನಡದಲ್ಲೇ ಕೂಗಿ, ಚೆಂಡಿಗಾಗಿ ಕೈ ಎತ್ತಿದ.