ಉಪ್ಪಿಗಾಗಿ ನಿಂತ ವಾಲಗ

ಬಸ್ತಿಹಳ್ಳಿಯ ಗುರುಸಿದ್ದಮ್ಮನಿಗೆ ಬಹಳ ದಿನದ ಆಸೆಯೊಂದಿತ್ತು. ಮಠದ ಸ್ವಾಮಿಗಳು ತನ್ನ ಮನೆಗೆ ಪಾದಪೂಜೆಗೆ ಬರಬೇಕು, ಅದೂ ಬಸದಿಯ ತಿರುವಿನಿಂದ ಬಾಗಿಲವರೆಗೂ ವಾಲಗ ಊದಿಸಿಕೊಂಡು. ಹೋದ ವರ್ಷ ಎದುರುಮನೆ ರುಕ್ಮಿಣಮ್ಮನ ಮನೆಗೆ ಹಾಗೇ ಬಂದಿದ್ದರು. ಅವತ್ತಿನಿಂದ ಆಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೂ ವಾಲಗದ ಮಾತೇ. ಗುರುಸಿದ್ದಮ್ಮನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ, ಯಾರಿಗಾದರೂ ಉರಿಯುತ್ತದೆ.

ಕೊನೆಗೂ ಮಠದಿಂದ ದಿನ ಗೊತ್ತಾಗಿ ಬಂತು. ಕೇಳಿದ್ದೇ ತಡ, ಮೊಮ್ಮಗಳು ಶಿಲ್ಪಾ ತಲೆಯ ಮೇಲೆ ಕೈಹೊತ್ತು ಕೂತಳು.

ಶಿಲ್ಪಾ ಅರಸೀಕೆರೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ದೂರದ ದೇಶಗಳಲ್ಲಿ ನೆಲದಾಳದ ಕಲ್ಲುಪ್ಪಿನೊಳಗೆ ಗವಿ ಕೊರೆದು ಗ್ಯಾಸ್ ತುಂಬಿಡುತ್ತಾರೆ. ತುಂಬಿ ತೆಗೆದು, ತುಂಬಿ ತೆಗೆದು ಉಪ್ಪಿಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಬೀಳುವಾಗ ಟಿಕ್ ಎಂದು ಸಣ್ಣ ಸದ್ದು. ಆ ಸದ್ದು ಹಿಡಿದು ಹಾನಿಯನ್ನು ಅಳೆಯುವುದೇ ಅವಳ ಕೆಲಸ. ಕಾಲೇಜಿನ ಬೆನ್ನಿಗೇ ರೈಲು ಓಡಾಡಿ ಎಲ್ಲ ಅಲುಗುತ್ತಿತ್ತು. ಹಾಗಾಗಿ ಸುತ್ತ ಸೆನ್ಸರ್ ಅಂಟಿಸಿದ ಒಂದು ಉಪ್ಪಿನ ತುಂಡನ್ನೂ ಅದನ್ನು ಒತ್ತುವ ಯಂತ್ರವನ್ನೂ ಅಜ್ಜಿಮನೆಯ ಉಗ್ರಾಣಕ್ಕೆ ತಂದಿಟ್ಟುಕೊಂಡಿದ್ದಳು.

“ಒತ್ತಿ ಒತ್ತಿ ಬಿರುಕು ಬೀಳಿಸಿ, ಈಗ ರೆಸ್ಟ್ ಕೊಟ್ಟಿದ್ದೀನಿ ಅಜ್ಜಿ. ರೆಸ್ಟ್ ಸಿಕ್ಕಿದ್ರೆ ಉಪ್ಪು ತಾನೇ ಕೂಡ್ಕೊಳ್ಳುತ್ತೆ. ಅವತ್ತು ಬೆಳಗ್ಗೆ ಮತ್ತೆ ಭಾರ ಹಾಕಿ ಮಧ್ಯಾಹ್ನದವರೆಗೂ ಕೇಳ್ಬೇಕು. ಸದ್ದು ಬರದಿದ್ರೆ ವಾಸಿಯಾಗಿದೆ ಅಂತ. ವಾಲಗದ ಗದ್ದಲದಲ್ಲಿ ಏನು ಕೇಳುತ್ತೆ? ನನ್ನ ಕೆಲಸ ಎಲ್ಲಾ ಮಣ್ಣುಪಾಲು.”

“ಒಂದಿನ ಮುಂದಕ್ಕಾಕೇ.”

“ಹಾಕಿದ್ರೆ ಲೆಕ್ಕ ಕೆಡುತ್ತೆ ಅಜ್ಜಿ. ಸ್ವಾಮಿಗಳೇ ಮಾರನೇ ದಿನ ಬರಲ್ವಾ?”

“ಅವ್ರು ಬೇಲೂರಿಗೆ ಹೋಗ್ಬೇಕಂತೆ. ಅಲ್ಲ, ನಿನ್ನ ಉಪ್ಪಿಗೆ ಅವತ್ತೇ ವಾಸಿಯಾಗ್ಬೇಕಾ?”

ಗುರುಸಿದ್ದಮ್ಮ ಉಗ್ರಾಣದ ಕಡೆ ನೋಡಿದಾಗಲೆಲ್ಲ ಗೊಣಗಿದಳು. ಆದರೆ ಹುಡುಗಿ ಮುದ್ದೆ ಮುರಿಯದೆ ತಟ್ಟೆಯ ಮುಂದೆ ಸುಮ್ಮನೆ ಕೂರುವುದನ್ನು ನೋಡಲಾಗಲಿಲ್ಲ.

ಆ ದಿನ ಬಸದಿಯ ತಿರುವಿನಲ್ಲಿ ಸ್ವಾಮಿಗಳ ಮುಂದೆ ವಾಲಗದವರು ಇನ್ನೇನು ಊದಬೇಕು, ಅಷ್ಟರಲ್ಲಿ ಗುರುಸಿದ್ದಮ್ಮ ಅಡ್ಡ ಬಂದು ಕೈಮುಗಿದಳು.

“ಊದಬ್ಯಾಡಿ ಕಣ್ರಪ್ಪಾ. ಬುದ್ಧಿ, ತಪ್ಪು ತಿಳೀಬ್ಯಾಡಿ. ಮನೇಲಿ ಒಂದು ಉಪ್ಪಿನ ಕಲ್ಲು ಸುಧಾರಿಸ್ಕಂತೈತೆ. ನನ್ನ ಮೊಮ್ಮಗಳ ಓದೆಲ್ಲಾ ಅದರ ಮ್ಯಾಲೈತೆ.”

ಇಷ್ಟು ದಿನ ಕಾದಿದ್ದನ್ನು ತಾನೇ ಬೇಡವೆನ್ನುವುದು ಸುಲಭವೇ?

ಸ್ವಾಮಿಗಳು ಆಕೆಯ ಮುಖವನ್ನೊಮ್ಮೆ ನೋಡಿದರು. ಟಕಟಕ ಎನ್ನುವ ಪಾದುಕೆಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು, “ನಡೀರಿ ತಾಯಿ” ಎಂದರು.

ಡೋಲು ಕಂಕುಳಲ್ಲಿಟ್ಟುಕೊಂಡು ಉಸಿರೆತ್ತದೆ ಹೋಗುತ್ತಿದ್ದ ಆ ಮೆರವಣಿಗೆ ಕಂಡು, ಏನಾಯಿತೋ ಎಂದು ಇಡೀ ಕೇರಿ ಹೊರಗೆ ಬಂತು. ರುಕ್ಮಿಣಮ್ಮ ಒಲೆಯ ಮೇಲಿನ ಹಾಲು ಮರೆತು ಓಡಿಬಂದಳು.

ಪೂಜೆ ಪಿಸುಮಾತಿನಲ್ಲಿ ನಿಧಾನವಾಗಿ ಸಾಗಿ ಮಧ್ಯಾಹ್ನವಾಗುತ್ತ ಬಂತು. ಮಂಗಳಾರತಿಯ ಹೊತ್ತಿಗೆ ಗುರುಸಿದ್ದಮ್ಮನ ಕೈ, ರೂಢಿಯ ಕೈ, ತೆಂಗಿನಕಾಯಿ ಎತ್ತಿ ಕಲ್ಲಿಗೆ ಫಟ್ ಎಂದು ಒಡೆಯಿತು.

ಎಲ್ಲರೂ ನಿಂತಲ್ಲೇ ಕಲ್ಲಾದರು. ಉಗ್ರಾಣದಿಂದ ಶಿಲ್ಪಾ ಹೊರಗೆ ಬಂದಳು.

“ಹಾಳಾದ ಕೈ ಕಣೇ ಇದು! ನಿನ್ನ ಓದು ಕೆಡಿಸ್ಬಿಟ್ನಲ್ಲೇ!” ಗುರುಸಿದ್ದಮ್ಮ ಅತ್ತೇಬಿಟ್ಟಳು.

“ಒಂದೇ ಏಟು ತಾನೇ ಅಜ್ಜಿ? ಹೊರಗಿನ ಸದ್ದು ಅಂತ ಗೊತ್ತಾಗುತ್ತೆ, ಅದೊಂದನ್ನ ತೆಗೆದುಹಾಕ್ತೀನಿ.” ಶಿಲ್ಪಾಳ ಮುಖ ಅರಳಿತ್ತು. “ಉಪ್ಪು ಮಾತ್ರ ತುಟಿಪಿಟಕ್ ಅಂದಿಲ್ಲ. ಟೈಮೂ ಮುಗೀತು. ವಾಸಿಯಾಗಿದೆ ಅಜ್ಜಿ! ಈಗ ಊದಿಸು.”

ಬೆಳಗ್ಗಿನಿಂದ ಉಸಿರು ಬಿಗಿಹಿಡಿದಿದ್ದ ವಾಲಗದವರು ಸೂರು ಹಾರಿಹೋಗುವಂತೆ ಶುರುಮಾಡಿದರು. ಗುರುಸಿದ್ದಮ್ಮ ಬಾಗಿಲಿಗೆ ಹೋಗಲೇ ಇಲ್ಲ. ಶಿಲ್ಪಾ ಅವಳ ಕೈಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋಗಿದ್ದಳು. ಸದ್ದು ಬರೆಯುವ ಲ್ಯಾಪ್‌ಟಾಪಿನಲ್ಲಿ ಅಲ್ಲಿಯವರೆಗೂ ಸುಮ್ಮನೆ ಮಲಗಿದ್ದ ಗೆರೆ ಈಗ ಪರದೆ ತುಂಬ ಎದ್ದು ಕುಣಿಯುತ್ತಿತ್ತು.

“ಇದೇನೇ ಇದು?”

“ನಿನ್ನ ವಾಲಗ ಅಜ್ಜಿ.”

ಗುರುಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನಷ್ಟು ಹತ್ತಿರ ಬಗ್ಗಿದಳು.

“ಇದನ್ನ ದೊಡ್ಡ ಕಾಗ್ದದ ಮ್ಯಾಲೆ ತೆಗೆಸ್ಕೊಡೇ, ಗೋಡೆಗಾಕ್ಬೇಕು. ರುಕ್ಮಿಣಮ್ಮ ವಾಲಗ ಅಂತ ಬರೀ ಬಾಯಲ್ಲಿ ಹೇಳ್ಕಂಡು ತಿರುಗ್ತಾಳೆ. ನಾನು ತೋರಿಸ್ತೀನಿ!”