ಆಡುಗಳು ಚರ್ಚಿಗೆ ಬಂದ ದಿನ

ಮೊಲೆಫಿ ಉಪದೇಶಿಗಳು ಯಾರನ್ನೇ ಕಂಡರೂ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ಲೆಸೋಥೊದ ಈ ಬೆಟ್ಟದ ನೆತ್ತಿಯ ನಮ್ಮ ಚರ್ಚಿನ ಕೆಂಪು ಪಾಲಿಶಿನ ನೆಲವನ್ನು ಪ್ರತಿ ಶನಿವಾರ ತಾವೇ ಮಂಡಿಯೂರಿ ಉಜ್ಜುತ್ತಿದ್ದ ಅವರಿಗೆ, ಮನುಷ್ಯರೆಂದರೆ ಕೆಸರು ಹೊತ್ತು ಬರುವ ಕಾಲುಗಳು. ಊರಿನ ಗಂಡಸರೆಲ್ಲ ಕಂಬಳಿ ಹೊದ್ದರೆ ಅವರಿಗೆ ಮಾತ್ರ ಕರಿಯ ಕೋಟು, ಬೇಸಿಗೆಯಲ್ಲೂ ಕೊರಳತನಕ ಗುಂಡಿ. ಮಾತು ಆರಂಭವಾಗುತ್ತಿದ್ದುದು "ಹಾಗಲ್ಲ" ಎಂದೇ. "ಹಾಗಲ್ಲ, ನೀನು ಹೇಳೋದೇ ಸರಿ" ಎನ್ನುವರು, ಒಪ್ಪುವಾಗಲೂ.

ಅವರೊಂದಿಗೆ ಆ ನೆಲ ಉಜ್ಜುತ್ತಿದ್ದವಳು ನಾನು. ಒಂದು ಶನಿವಾರ ಬಟ್ಟೆ ಹಿಂಡುತ್ತ, ಬಕೇಟಿಗೆ ಹೇಳುವಂತೆ ಹೇಳಿದರು: "ಹಾಗಲ್ಲ ಅಕ್ಕ, ಮೂವತ್ತು ವರ್ಷ ಆಯ್ತು. ಎಲ್ಲರಿಗೂ ದೇವರು ಇಲ್ಲಿದಾನೆ ಅಂತೀನಿ. ನಂಗೆ ಒಂದಿನಾನೂ ಹಾಗನ್ನಿಸಿಲ್ಲ. ನಿಂಗೆ?"

"ನೆಲ ಒರೆಸೋಳಿಗೆ ಏನ್ ಗೊತ್ತಾಗತ್ತೆ ಉಪದೇಶಿಗಳೇ" ಎಂದೆ. ಅವರು ಮತ್ತೆ ಉಜ್ಜತೊಡಗಿದರು, ಅಲ್ಲೇ ಎಲ್ಲೋ ಅವನು ಕಾಣಬಹುದೆಂಬಂತೆ.

ಆ ವರ್ಷ ಪೀಚ್ ಮರಗಳು ಹೂಬಿಟ್ಟವು. ಹೂ ಬಂತೆಂದರೆ ಚಳಿ ಹೋಯಿತೆಂದೇ ನಮ್ಮ ಲೆಕ್ಕ. ಒಂದೇ ವಾರದಲ್ಲಿ ಊರಿನ ಉಣ್ಣೆಯಾಡುಗಳ ತುಪ್ಪಳವನ್ನೆಲ್ಲ ಮಾರಾಟಕ್ಕೆಂದು ಕತ್ತರಿಸಿ ಮುಗಿಸಿದೆವು. ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೊಣಕಾಲುದ್ದ ಹಿಮ, ಅದರ ಕೆಳಗೆಲ್ಲೋ ಪೀಚ್ ಹೂ. ಬೋಳು ಮೈಯ ಆಡು ಹಿಮದಲ್ಲಿ ಅರ್ಧ ದಿನ ಬಾಳದು. ಕಲ್ಲುದೊಡ್ಡಿಗಳಿಗೆ ಸೂರಿಲ್ಲ, ನಮ್ಮ ಗುಂಡುಮನೆಗಳಲ್ಲಿ ಜನಕ್ಕೇ ಜಾಗವಿಲ್ಲ.

ಮೊದಲು ಬಂದವಳು ವಿಧವೆ ಮಾಲಿಪುವೊ, ಅವಳ ಹಿಂದೆ ನಡುಗುವ ಮೂವತ್ತು ಆಡುಗಳು. ಚರ್ಚಿನ ಬಾಗಿಲಿಗೆ ಕೋಲಿನಿಂದ ಕುಟ್ಟಿದಳು.

"ತೆಗೀರಿ ಉಪದೇಶಿಗಳೇ!"

"ಹಾಗಲ್ಲ ತಾಯಿ, ಇದು ದೇವರ ಮನೆ…"

"ಹೌದಪ್ಪ, ಅದಕ್ಕೇ ಬಂದೆ. ನಿಮ್ಮ ಮನೆ ಆಗಿದ್ರೆ ಬರ್ತಿದ್ನಾ? ನೆಲ ನಾಳೆ ಉಜ್ಜಬಹುದು. ಆಡು ಸತ್ರೆ ಉಜ್ಜಿ ಎಬ್ಬಿಸ್ತೀರಾ?"

ಅಭ್ಯಾಸದಂತೆ ಅವರು ಕಾಲು ನೋಡಿದರು. ನೂರಿಪ್ಪತ್ತು ಗೊರಸು, ಹಿಮ ಮೆತ್ತಿದ್ದು. ಬಹಳ ಹೊತ್ತು ನೋಡಿದರು. ನಂತರ ಬಾಗಿಲಿನ ಎರಡೂ ರೆಕ್ಕೆ ತೆರೆದರು.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಒಳಗಿತ್ತು, ಆಡುಗಳೊಡನೆ. ಹೊಲವಿಲ್ಲ, ಶಾಲೆಯಿಲ್ಲ, ಪೇಟೆಯ ದಾರಿಯೇ ಇಲ್ಲ. ಯಾರಿಗೂ ಮಾಡುವುದಕ್ಕೇನೂ ಉಳಿದಿರಲಿಲ್ಲ. ಬೆಂಚುಗಳನ್ನು ಗೋಡೆಗೆ ಒತ್ತರಿಸಿದರು, ಒಂದು ಮೂಲೆಯಲ್ಲಿ ತಗಡಿನ ಮೇಲೆ ಬೆರಣಿಯ ಬೆಂಕಿ, ಮೆಕ್ಕೆಜೋಳದ ಮುದ್ದೆ. ತಣ್ಣಗಾಗಿದ್ದ ಮರಿಯೊಂದನ್ನು ಸುತ್ತಲು ಉಪದೇಶಿಗಳು ಕೋಟು ಬಿಚ್ಚಿದಾಗ ಒಳಗಿನ ಅಂಗಿಗೆ ಒಂದು ತೋಳೇ ಇರಲಿಲ್ಲ.

"ಅಯ್ಯೋ ನೋಡ್ರೇ, ಕೋಟಿನೊಳಗೆ ಮನುಷ್ಯ ಇದ್ದ!" ಎಂದಳು ಮಾಲಿಪುವೊ.

ಚರ್ಚು ನಕ್ಕಿತು. ಅವರೂ ನಕ್ಕರು, ಹಲ್ಲಿಲ್ಲದ ಮಗುವಿನ ಹಾಗೆ. ಯಾರೋ ಹಾಡೆತ್ತಿದರು, ಆಡುಗಳೂ ದನಿಗೂಡಿಸಿದವು. ಸಂಜೆಯ ಪ್ರಾರ್ಥನೆಯ ಹೊತ್ತು ಮೀರಿದ್ದು ಅವರ ಅರಿವಿಗೇ ಬರಲಿಲ್ಲ. ಹಿಕ್ಕೆ ಚೆಲ್ಲಿದ ಆ ನೆಲದ ಮೇಲೆ, ಮಡಿಲಲ್ಲಿ ಮರಿ, ಬೆನ್ನಿಗೆ ಒರಗಿದ ಯಾರದೋ ಮುದಿ ಹೋತ. ಹಾಗೇ ಕುಳಿತು ನನ್ನತ್ತ ವಾಲಿ ಮೆಲ್ಲಗೆ ಹೇಳಿದರು:

"ಅಕ್ಕ, ಇದಾನೆ ಕಣೆ."

ನನಗೂ ಹಾಗೇ ಅನ್ನಿಸಿತ್ತು.

ಎರಡು ದಿನಕ್ಕೆ ಹಿಮ ಕರಗಿತು. ಸತ್ತದ್ದು ಎರಡೇ ಆಡು. ಹೋತದ ವಾಸನೆ ಮಾತ್ರ ಕ್ರಿಸ್ಮಸ್ಸಿನವರೆಗೂ ಬಿಡಲಿಲ್ಲ, ಅದು ಪೂರ್ತಿ ಹೋದ ದಿನ ಉಪದೇಶಿಗಳ ಮುಖ ಸಪ್ಪಗಾಯಿತು. ಮುಂದಿನ ಜೂನಿನಲ್ಲಿ, ನಮ್ಮಲ್ಲಿ ಅದು ನಡುಚಳಿಗಾಲ, ಹಿಮ ಬೀಳಬೇಕಾದ ಕಾಲಕ್ಕೇ ಬಿದ್ದಾಗ, ಬಾಗಿಲು ತೆರೆದಿಟ್ಟು ದಿನವಿಡೀ ಒಬ್ಬರೇ ಕುಳಿತರು. ಒಳಗೆ ಬಂದದ್ದು ಗಾಳಿಯೊಂದೇ. ಕೊನೆಗೆ ಮಾಲಿಪುವೊಳ ಮನೆಗೇ ಹೋಗಿ, "ಆಡು ಹೊಡಕೊಂಡು ಬರಲ್ವೇನಮ್ಮ?" ಎಂದು ಕೇಳಿದರಂತೆ.

"ಮೈತುಂಬ ತುಪ್ಪಳ ಇದೆ ಉಪದೇಶಿಗಳೇ, ಅವ್ಯಾಕೆ ಬರ್ತಾವೆ?"

ಹೀಗೆ ಆರು ಚಳಿಗಾಲ ಕಾದು ಅವರು ತೀರಿಕೊಂಡರು. ಅವೇಳೆಯ ಹಿಮ ಮತ್ತೆ ಬೀಳಲೇ ಇಲ್ಲ.

ಇಂಥವರು ದೇವರಿಗಾಗಿ ಮಾಡುವ ಸಿದ್ಧತೆ ಎಷ್ಟು ಅಚ್ಚುಕಟ್ಟೆಂದರೆ, ಒಳಗೆ ಕಾಲಿಡಲು ಅವನೇ ಸಂಕೋಚಪಡುತ್ತಾನೋ ಏನೋ. ಬಾಳಿನಲ್ಲಿ ಎಲ್ಲೋ ಒಂದು ದಿನ, ಏನೂ ಅಣಿಯಾಗಿರದ ಹೊತ್ತಿನಲ್ಲಿ ಅವನ ಕೈಗೆ ಸಿಕ್ಕಿಬೀಳುತ್ತಾರೆ. ಆ ಒಂದು ದಿನದ ಬಿಸುಪಿಗಾಗಿ ಉಳಿದ ದಿನಗಳನ್ನೆಲ್ಲ ಚಳಿಯಲ್ಲೇ ಕಾಯುತ್ತಾರೆ. ಅದು ನಂಬಿಕೆಯೋ ಬರೀ ಹಂಬಲವೋ ನಾನರಿಯೆ. ಆದರೆ ನಂಬಿದವರ ಬಳಿಗಿಂತ ಹಂಬಲಿಸಿದವರ ಬಳಿ ಕೂತಾಗಲೇ ನನ್ನ ಜೀವ ಹೆಚ್ಚು ಬೆಚ್ಚಗಾಗಿದೆ.